ಮೂಡಲ ಪಟ್ಟಿಯಲ್ಲಿ ಏನೂ ಇಲ್ಲ ಎಂದು ಬರೆದವಳು ನಾನು

ನೆಲದ ಕಾಂತಶಕ್ತಿ ಅಳೆಯುವ ಮ್ಯಾಗ್ನೆಟೋಮೀಟರ್ ಹಿಡಿದು ನಡೆಯುವವರ ಮೈಮೇಲೆ ಗುಲಗಂಜಿಯಷ್ಟೂ ಕಬ್ಬಿಣ ಇರಬಾರದು. ನಮ್ಮ ಕಸುಬಿನ ಮೊದಲ ಪಾಠ ಇದು. ಬೆಲ್ಟು, ವಾಚು, ಮೊಬೈಲು, ಕಾರಿನ ಕೀಲಿ ಎಲ್ಲ ಗಾಡಿಯಲ್ಲೇ ಬಿಟ್ಟು ಬರಬೇಕು. ಜಿಪ್ ಬದಲು ಲಾಡಿ ಕಟ್ಟುವ ಪ್ಯಾಂಟು, ಮೊಳೆಯಿಲ್ಲದ ರಬ್ಬರ್ ಬೂಟು, ಪ್ಲಾಸ್ಟಿಕ್ ಫ್ರೇಮಿನ ಕನ್ನಡಕ. ಹೊಸದಾಗಿ ಸೇರಿದವರಿಗೆ ಇದನ್ನೆಲ್ಲ ಹೇಳಿಕೊಡುವವಳು ನಾನೇ, ಅದೂ ಸ್ವಲ್ಪ ಗದರಿಸಿಯೇ. ಧಾರವಾಡದ ಬಾಯಿ, ಸಮುದ್ರ ದಾಟಿದ ಮಾತ್ರಕ್ಕೆ ಮೆತ್ತಗಾಗುವುದಿಲ್ಲ.

ಆ ಕೆಲಸ ಬಂದದ್ದು ಫೆಬ್ರವರಿಯಲ್ಲಿ. ನಾವಿರುವುದು ನ್ಯೂಜಿಲೆಂಡಿನ ಟೌರಂಗಾ ಪಟ್ಟಣದಲ್ಲಿ. ಅಲ್ಲಿಂದ ಮುಕ್ಕಾಲು ಗಂಟೆ ಕಾರಿನ ದಾರಿ, ಹೊಳೆಯ ಮೇಲಿನ ಎತ್ತರದ ಬಯಲಿನಲ್ಲಿ ಕಿವಿಹಣ್ಣಿನ ತೋಟ, ಪಕ್ಕದಲ್ಲಿ ಹಣ್ಣು ವಿಂಗಡಿಸಿ ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸು. ಕೊಯ್ಲು ಶುರುವಾಗುವ ಮೊದಲು ಲಾರಿಗಳಿಗೆ ಹೊಸ ದಾರಿ ಬೇಕಿತ್ತು. ದಾರಿ ಹಾಯಬೇಕಾದ ಹುಲ್ಲುಗಾವಲಿನಲ್ಲಿ ಎಲ್ಲೋ ಒಂದು ಹಳೆಯ ಶಿಬಿರ ಇತ್ತೆಂದು ದಾಖಲೆ ಹೇಳುತ್ತಿತ್ತು. ನೆಲ ಅಗೆಯುವ ಮೊದಲು ಅದು ಎಲ್ಲಿತ್ತೆಂದು ತೋರಿಸಿಕೊಡಬೇಕು. ಆ ಕೆಲಸದ ಹೊಣೆ ಹೊತ್ತ ಪುರಾತತ್ತ್ವಜ್ಞೆ ನಮ್ಮ ಸಣ್ಣ ಸರ್ವೇ ಕಂಪನಿಯನ್ನು ಕರೆಸಿದಳು. ಮಾತು ಕಡಿಮೆ, ನೋಟ ಜಾಸ್ತಿ ಇರುವ ಹೆಂಗಸು. ಅವಳ ಜೊತೆ ಮೊದಲೂ ಎರಡು ಮೂರು ಕಡೆ ಕೆಲಸ ಮಾಡಿದ್ದೆ.

ಆ ಶಿಬಿರದ ಚರಿತ್ರೆ ಒಂದು ಚಳಿಗಾಲದಷ್ಟೇ ಉದ್ದ. ಈ ದೇಶದಲ್ಲಿ ನೆಲಕ್ಕಾಗಿ ಯುದ್ಧ ನಡೆದ ಕಾಲ ಅದು, ನೂರೈವತ್ತು ವರ್ಷಕ್ಕೂ ಹಿಂದಿನದು. ಸರ್ಕಾರ ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಭೂಮಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಅದನ್ನು ಕಾಯಲು ಕಂಡವರ ಕೈಗೆಲ್ಲ ಬಂದೂಕು ಕೊಟ್ಟು ತಂದು ನಿಲ್ಲಿಸಿತು. ಚಿನ್ನ ಹುಡುಕಿ ಸೋತವರು, ಕೆಲಸವಿಲ್ಲದ ಬಡಗಿಗಳು, ಕಡಲಾಚೆಯಿಂದ ಬಂದ ಕೂಲಿಗಳು. ಗಡಿ ಕಾಯಿರಿ, ಆಮೇಲೆ ಇದೇ ನೆಲದಲ್ಲಿ ನಿಮಗೂ ಒಂದು ತುಂಡು ಕೊಡುತ್ತೇವೆ ಎಂಬುದು ಮಾತು. ನೆಲದ ಒಡೆಯರು ನೆಟ್ಟ ಗೆಣಸು ಇನ್ನೂ ಮಣ್ಣಿನೊಳಗೇ ಇತ್ತು. ಬಂದವರು ಚೌಕಾಕಾರವಾಗಿ ಕಂದಕ ತೋಡಿ, ತೆಗೆದ ಮಣ್ಣನ್ನು ಒಳಬದಿಗೆ ಒಡ್ಡು ಹಾಕಿ, ಒಡ್ಡು ಜಾರದಂತೆ ನಡುನಡುವೆ ಜರಿಗಿಡದ ಪದರ ಹಾಸಿದರು. ಒಳಗೆ ಡೇರೆಗಳು, ಬ್ರೆಡ್ಡು ಸುಡುವ ಒಂದು ಒಲೆ. ಮಳೆ, ಕೆಸರು, ಭೇದಿ, ಜ್ವರ. ಚಳಿ ಮುಗಿಯುವಷ್ಟರಲ್ಲಿ ಗಡಿ ಮುಂದಕ್ಕೆ ಸರಿಯಿತು, ಇವರು ಡೇರೆ ಕಿತ್ತು ನಡೆದರು. ತುಂಡು ನೆಲ ಸಿಕ್ಕವರಲ್ಲೂ ಬಹಳ ಜನ ಅದನ್ನು ಮಾರಿ ಪಟ್ಟಣ ಸೇರಿದರಂತೆ. ಒಡ್ಡನ್ನು ದನಗಳು ತುಳಿದವು, ಆಮೇಲೆ ಬುಲ್‌ಡೋಜರ್ ಬಂದು ಸಮ ಮಾಡಿತು. ಈಗ ನೋಡಿದರೆ ಬರೀ ಹುಲ್ಲು.

ಉಳಿದ ದಾಖಲೆಯೆಂದರೆ ಅಳತೆಯಿಲ್ಲದ ಒಂದು ಕೈನಕ್ಷೆ ಮತ್ತು ಒಬ್ಬ ಅಧಿಕಾರಿಯ ದಿನಚರಿ. ಬೂಟು ಒದ್ದೆ, ಹಿಟ್ಟು ಮುಗ್ಗಲು ಎಂಬ ದೂರುಗಳ ನಡುವೆ ಅದರಲ್ಲಿ ಒಂದು ಸಾಲಿತ್ತು. ಸೆರೆಯಲ್ಲಿದ್ದ ಮಾವೊರಿ ಹೆಂಗಸೊಬ್ಬಳು ಜ್ವರದಿಂದ ಸತ್ತಳು, ಅವಳನ್ನು ಕಂದಕದ ಹೊರಗೆ ಹೂಳಲಾಯಿತು ಎಂದು. ಹೆಸರು ಬರೆದಿರಲಿಲ್ಲ.

ಹೆಸರು ಗೊತ್ತಿದ್ದದ್ದು ಆಂಟಿಗೆ. ಆಂಟಿ ಎಂದರೆ ಆ ಊರಿನ ಮಾವೊರಿ ಮನೆತನದ ಹಿರಿಯರು, ಎಂಬತ್ತು ದಾಟಿದವರು. ನಮ್ಮಲ್ಲಿ ಹೇಗೋ ಹಾಗೆ ಅವರಲ್ಲೂ ಹಿರಿಯ ಹೆಂಗಸರೆಲ್ಲ ಆಂಟಿಯರೇ. ಹಾಗಾಗಿ ಆ ಮಾತು ನನ್ನ ಬಾಯಿಗೂ ಸಲೀಸಾಗಿ ಬಂತು. ಸತ್ತವಳು ಅವರ ಮುತ್ತಜ್ಜಿಯ ಅಕ್ಕ. ಮೊದಲ ದಿನವೇ ಆಂಟಿ ನನ್ನನ್ನು ಬೇಲಿಯ ಹತ್ತಿರ ಕರೆದು ಹೇಳಿದರು.

"ಅವಳು ಶಿಬಿರದ ಗೇಟಿನ ಹೊರಗಿದ್ದಾಳೆ. ಬೆಟ್ಟದ ಕಡೆ ತಲೆ. ನಮ್ಮ ಮನೆಯಲ್ಲಿ ಅಷ್ಟು ಮಾತು ಉಳಿದಿದೆ. ಗೇಟು ಎಲ್ಲಿತ್ತು ಅಂತ ನನಗೆ ಗೊತ್ತಿಲ್ಲ. ಅದನ್ನ ನೀನು ಹುಡುಕು."

ಅವರ ಇಂಗ್ಲಿಷು ನಿಧಾನದ್ದು. ಪ್ರತಿ ಮಾತು ಆದ ಮೇಲೆ ಕೇಳಿಸಿತೇ ಎಂದು ಮುಖ ನೋಡುತ್ತಿದ್ದರು. ಹುಡುಕುತ್ತೇನೆ ಆಂಟಿ, ಚಿಂತೆ ಬಿಡಿ ಎಂದೆ.

ಕೆಲಸ ಹೀಗೆ. ಒಮ್ಮೆ ತೋಡಿ ತುಂಬಿದ ಮಣ್ಣು, ಬೆಂಕಿ ಉರಿದ ಮಣ್ಣು, ಸುತ್ತಲಿನ ಮಣ್ಣಿಗಿಂತ ಒಂದು ಕೂದಲೆಳೆಯಷ್ಟು ಬೇರೆ ಕಾಂತಶಕ್ತಿ ತೋರಿಸುತ್ತದೆ. ನೆಲದ ಮೇಲೆ ಮೀಟರಿಗೊಂದರಂತೆ ಹಗ್ಗ ಹಾಸಿ, ಉಪಕರಣ ಹಿಡಿದು ಒಂದು ಹಗ್ಗದ ಗುಂಟ ಹೋಗಿ, ಮುಂದಿನ ಹಗ್ಗದ ಗುಂಟ ವಾಪಸ್ ಬರಬೇಕು. ಹೀಗೆ ಇಡೀ ಹೊಲ ನಡೆದ ಮೇಲೆ ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಚಿತ್ರ ಮೂಡುತ್ತದೆ. ಮುಚ್ಚಿಹೋದ ಕಂದಕ ಅದರಲ್ಲಿ ಕಪ್ಪು ಪಟ್ಟಿಯಾಗಿ ಕಾಣಬೇಕು. ಆ ಹೊಲವನ್ನು ನಡುವೆ ಒಂದು ಬೇಲಿ ಎರಡು ಮಾಡಿತ್ತು, ನಾವು ಮೂಡಲ ಪಟ್ಟಿ, ಪಡುವಲ ಪಟ್ಟಿ ಎಂದು ಗುರುತು ಹಾಕಿಕೊಂಡೆವು. ಸೋಮವಾರ ಮೂಡಲ ಪಟ್ಟಿ ನಡೆದವಳು ನಾನು. ಮಂಗಳವಾರ ಪಡುವಲ ಪಟ್ಟಿ ನಡೆದವನು ನನ್ನ ಸಹೋದ್ಯೋಗಿ, ಇಲ್ಲಿಯವನೇ ಆದ ಮಿತಭಾಷಿ ಹುಡುಗ.

ಶುರು ಮಾಡುವ ಮೊದಲು ನಡೆಯುವವರು ಉಪಕರಣದ ಎದುರು ನಿಂತು ಒಂದು ಸುತ್ತು ತಿರುಗಬೇಕು, ಮೈಮೇಲೆ ಕಬ್ಬಿಣ ಉಳಿದಿದ್ದರೆ ಮುಳ್ಳು ಅಲ್ಲಾಡುತ್ತದೆ. ಸೋಮವಾರ ಬೆಳಿಗ್ಗೆ ಸಹೋದ್ಯೋಗಿ ಕೇಳಿದ, "ನಿನ್ನದು ಚೆಕ್ ಮಾಡಲಾ?" ನಾನು, "ನೀನು ಶಾಲೆಗೆ ಹೋಗುತ್ತಿದ್ದಾಗಿನಿಂದ ನಾನು ಈ ಕೆಲಸದಲ್ಲಿದ್ದೀನಿ, ನಡಿ" ಎಂದೆ. ಅವನು ನಕ್ಕು ಹಗ್ಗ ಹಾಸಲು ಹೋದ. ಹಿಂದಿನ ದಿನವಷ್ಟೇ ನಮ್ಮ ಕನ್ನಡದವರ ಸಂಕ್ರಾಂತಿ ಆಗಿತ್ತು. ಇಲ್ಲಿ ಹಾಲ್ ಸಿಕ್ಕ ದಿನವೇ ಹಬ್ಬ, ಹಾಗಾಗಿ ಜನವರಿಯ ಸಂಕ್ರಾಂತಿ ಫೆಬ್ರವರಿಯಲ್ಲಿ. ಎಳ್ಳುಬೆಲ್ಲ ಹಂಚಿ, ಪಾತ್ರೆ ತೊಳೆದು ಮೈಯೆಲ್ಲ ಸೋತಿತ್ತು. ಬೇಗ ಕೆಲಸ ಮುಗಿಸಿದರೆ ಸಾಕೆನಿಸಿತ್ತು.

ಬುಧವಾರ ಚಿತ್ರ ತೆಗೆದು ನೋಡಿದರೆ ಪಡುವಲ ಪಟ್ಟಿ ಸ್ವಚ್ಛ. ಉದ್ದಕ್ಕೆ ಒಂದು ಕಪ್ಪು ಗೆರೆಯೂ ಕಂಡಿತು, ಅದೇ ಕಂದಕ ಎಂದುಕೊಂಡೆ. ಮೂಡಲ ಪಟ್ಟಿ ಮಾತ್ರ ಗೆರೆ ಗೆರೆ, ಇಳಕಲ್ ಸೀರೆಯ ಹಾಗೆ. ಹೋಗುವಾಗಿನ ಸಾಲು ಒಂದು ಬಣ್ಣ, ಬರುವಾಗಿನ ಸಾಲು ಇನ್ನೊಂದು ಬಣ್ಣ. ನಡೆಯುವವರ ಮೈಮೇಲೆ ಏನೋ ಇದ್ದರೆ ಹೀಗಾಗುತ್ತದೆ. ಉಪಕರಣ ಸರಿಯಾಗಿ ಹೊಂದದಿದ್ದರೂ, ಬಿಸಿಲು ಏರಿದರೂ ಹೀಗಾಗುತ್ತದೆ. ನಾನು ಎರಡನೆಯ ಕಾರಣಗಳನ್ನು ಆರಿಸಿಕೊಂಡೆ. ಜೊತೆಗೆ ಜ್ವಾಲಾಮುಖಿಯ ಬೂದಿ ಮಣ್ಣು ಬೇರೆ, ಅದು ಎಲ್ಲ ತಪ್ಪನ್ನೂ ಹೊತ್ತುಕೊಳ್ಳುತ್ತದೆ. ಗೆರೆ ಅಳಿಸಲು ಸಾಫ್ಟ್‌ವೇರಿನಲ್ಲಿ ಒಂದು ಗುಂಡಿಯಿದೆ. ಪ್ರತಿ ಸಾಲಿನ ಸರಾಸರಿಯನ್ನು ಸೊನ್ನೆಗೆ ತಂದುಬಿಡುತ್ತದೆ. ಒಮ್ಮೆ ಒತ್ತಿದೆ, ಚಿತ್ರ ಹಾಲಿನಂತಾಯಿತು. ಕಂದಕವೂ ಇಲ್ಲ, ಒಲೆಯೂ ಇಲ್ಲ. ಶಿಬಿರ ಪಡುವಲ ಪಟ್ಟಿಯಲ್ಲಿತ್ತು, ಮೂಡಲ ಪಟ್ಟಿಯಲ್ಲಿ ಏನೂ ಇಲ್ಲ ಎಂದು ವರದಿ ಬರೆದೆ. ಅದನ್ನು ನಂಬಿ ಲಾರಿ ದಾರಿಯನ್ನು ಮೂಡಲಕ್ಕೆ ಸರಿಸಿದರು. ಮುಂದಿನ ವಾರ ಕಳೆದು ಬರುವ ಸೋಮವಾರ ಜೆಸಿಬಿಯಂಥ ಡಿಗ್ಗರಿನ ಅಗೆತ ಶುರು ಎಂದು ಗೊತ್ತಾಯಿತು.

ಆ ಮುಂದಿನ ವಾರದ ಬುಧವಾರ ಹೊಲದಲ್ಲೇ ಸಭೆ. ಪ್ಯಾಕ್‌ಹೌಸಿನ ಮ್ಯಾನೇಜರ್ ಖುಷಿಯಲ್ಲಿದ್ದ. ಪುರಾತತ್ತ್ವಜ್ಞೆ ನನ್ನ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಯೂಟ್ ಎಂಬ ಪಿಕಪ್ ಗಾಡಿಯ ಹಿಂದಿನ ಹಲಗೆಯ ಮೇಲೆ ಹರಡಿದ್ದಳು. ಆಂಟಿ ಬಹಳ ಹೊತ್ತು ಬಗ್ಗಿ ನೋಡಿದರು.

"ಹಾಗಾದರೆ ಅವಳು ಈ ಕಡೆ ಇಲ್ಲವಾ?" ಎಂದು ಮೂಡಲಕ್ಕೆ ಕೈ ತೋರಿಸಿದರು.

"ಉಪಕರಣಕ್ಕೆ ಏನೂ ಕಂಡಿಲ್ಲ ಆಂಟಿ."

"ನಮ್ಮಜ್ಜಿ ಇಲ್ಲಿ ಹಾಯುವಾಗ ಮಾತು ನಿಲ್ಲಿಸುತ್ತಿದ್ದಳು. ಆ ಕಡೆ ಅಲ್ಲ, ಈ ಕಡೆ. ಪ್ರತಿ ಸಲ."

"ಇಷ್ಟು ವರ್ಷ ಆಯಿತಲ್ಲ. ನೆನಪು ಒಂದೊಂದು ಸಲ ಜಾಗ ತಪ್ಪುತ್ತೆ" ಎಂದೆ.

ಅವರು ನನ್ನ ಮುಖ ನೋಡಿದರು, ಸರಿ ಎಂದರು, ಕೋಲು ಊರಿಕೊಂಡು ಕಾರಿನ ಕಡೆ ಹೋದರು. ಈಗಲೂ ಆ ನನ್ನ ಮಾತು ನೆನಪಾದರೆ ನಾಚಿಕೆಯಾಗುತ್ತದೆ. ಮನೆಗೆ ಬರುವ ದಾರಿಯುದ್ದಕ್ಕೂ ಮನಸ್ಸು ಕಿರಿಕಿರಿ. ಯಾಕೆಂದು ತಿಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಮಗಳ ಶಾಲೆಯಲ್ಲಿ ನಾನಾ ದೇಶಗಳ ಉಡುಗೆಯ ಕಾರ್ಯಕ್ರಮ. ಹನ್ನೆರಡು ವರ್ಷದವಳು, ಲಂಗ ದಾವಣಿ ಉಟ್ಟು ಕುಣಿಯಬೇಕು. ವೇದಿಕೆಯ ಹಿಂದೆ ಅವಳ ದಾವಣಿ ಭುಜದಿಂದ ಜಾರುತ್ತಿತ್ತು.

"ಅಮ್ಮಾ, ಇಟ್ಸ್ ಫಾಲಿಂಗ್ ಆಫ್."

"ತಡಿ ತಡಿ, ಪಿನ್ನು ಹಾಕ್ತೀನಿ" ಎಂದೆ. ಕೈ ತಾನಾಗಿ ಕುತ್ತಿಗೆಗೆ ಹೋಯಿತು. ತಾಳಿ ಸರದಲ್ಲಿ ಒಂದೆರಡು ಪಿನ್ನು ಸಿಕ್ಕಿಸಿಕೊಳ್ಳುವುದು ನಮ್ಮ ಕಡೆಯ ಹೆಂಗಸರ ಚಾಳಿ. ಯಾವಾಗ ಯಾರಿಗೆ ಬೇಕಾದೀತೋ ಎಂದು ನಮ್ಮವ್ವ ನಾಲ್ಕು ಇಟ್ಟುಕೊಂಡಿರುತ್ತಿದ್ದಳು. ನನ್ನ ತಾಳಿ ಚಿನ್ನದ್ದು, ಕಾಂತಕ್ಕೆ ಸಂಬಂಧವಿಲ್ಲ, ಅದಕ್ಕೇ ಸರ್ವೇಯ ದಿನ ಕೂಡ ತೆಗೆಯುವುದಿಲ್ಲ. ಪಿನ್ನು ಮಾತ್ರ ಇರಕೂಡದು. ಅದಕ್ಕಾಗಿಯೇ ವರ್ಷಗಟ್ಟಲೆ ಆ ಚಾಳಿ ಬಿಟ್ಟಿದ್ದೆ.

ಕೈಗೆ ಪಿನ್ನು ಸಿಕ್ಕಿತು. ತೆಗೆದು ನೋಡಿದೆ. ಹಸಿರು ತಲೆಯ ದೊಡ್ಡ ಪಿನ್ನು. ಸಂಕ್ರಾಂತಿಯ ದಿನ ಸೆರಗಿಗೆ ಹಾಕಿಕೊಂಡದ್ದು. ರಾತ್ರಿ ಸೀರೆ ಬಿಚ್ಚುವಾಗ ಎಲ್ಲಿ ಇಟ್ಟೆ? ಎಲ್ಲೂ ಇಟ್ಟಿರಲಿಲ್ಲ, ಹಳೆಯ ಚಾಳಿಯಂತೆ ತಾಳಿ ಸರಕ್ಕೇ ಸಿಕ್ಕಿಸಿದ್ದೆ. ಭಾನುವಾರ ಸಂಕ್ರಾಂತಿ, ಮಾರನೆ ದಿನ ಸೋಮವಾರ ಮೂಡಲ ಪಟ್ಟಿ. ಪಿನ್ನನ್ನೇ ನೋಡುತ್ತ ನಿಂತೆ.

"ಅಮ್ಮಾ, ವಾಟ್? ದೆ ಆರ್ ಕಾಲಿಂಗ್ ಅಸ್."

ದಾವಣಿಗೆ ಪಿನ್ನು ಚುಚ್ಚಿ ಅವಳನ್ನು ವೇದಿಕೆಗೆ ಕಳಿಸಿದೆ. ಅವಳು ಏನು ಕುಣಿದಳೋ ನಾನು ನೋಡಲಿಲ್ಲ. ಚೆನ್ನಾಗಿತ್ತಂತೆ.

ಕುರ್ಚಿಯಲ್ಲಿ ಕೂತಲ್ಲೇ ಪೂರ್ತಿ ಅರ್ಥವಾಯಿತು. ಗೆರೆಗಳು ಪಿನ್ನಿನವು. ಇರಲಿ, ಬರೀ ಗೆರೆಯಾದರೆ ಅಷ್ಟು ಅನಾಹುತವಿಲ್ಲ. ಅನಾಹುತವಿದ್ದದ್ದು ನಾನು ಒತ್ತಿದ ಗುಂಡಿಯಲ್ಲಿ. ಅದು ನಡೆದ ದಿಕ್ಕಿಗೆ ಸಮಾನಾಂತರವಾಗಿರುವ ಪ್ರತಿಯೊಂದು ಉದ್ದ ಗೆರೆಯನ್ನೂ ಅಳಿಸುತ್ತದೆ, ಪಿನ್ನಿನದಾದರೂ ಸರಿ, ಕಂದಕದ್ದಾದರೂ ಸರಿ. ಕಂದಕ ನನ್ನ ಹಗ್ಗದ ಗುಂಟವೇ ಹೋಗಿದ್ದರೆ ಅದನ್ನು ನಾನೇ ಕೈಯಾರೆ ಒರೆಸಿಹಾಕಿದ್ದೆ. ಅದರ ಮೇಲೆ ಸೋಮವಾರ ಡಿಗ್ಗರ್ ಹಾಯುತ್ತಿತ್ತು.

ಮನೆಗೆ ಬಂದಾಗ ಯಜಮಾನರು ಆಸ್ಪತ್ರೆಯಿಂದ ಬಂದು ಚಹಾ ಕುಡಿಯುತ್ತಿದ್ದರು. ಅವರು ವಾರ್ಡಿನಲ್ಲಿ ನರ್ಸು, ಮುಂಜಾನೆಯ ಪಾಳಿ.

"ಯಾಕ, ಮಾರಿ ಹಿಂಗ್ಯಾಕ ಮಾಡೀ?"

"ಪಿನ್ನು ಹಾಕ್ಕೊಂಡು ಸರ್ವೇ ಮಾಡೀನ್ರಿ" ಎಂದು ಎಲ್ಲ ಹೇಳಿದೆ.

"ಮತ್ತ ಯಾರಿಗರೆ ಗೊತ್ತೈತೇನು?"

"ಇಲ್ರಿ. ನಾ ಹೇಳಲಿಲ್ಲಂದ್ರ ಗೊತ್ತಾಗೂದೂ ಇಲ್ಲ. ಅಲ್ಲೆ ಏನೂ ಇರಲಿಕ್ಕೂ ಇಲ್ಲ. ಸುಮ್ಮನ ಹೇಳಿ ಹೆಸರು ಕೆಡಿಸ್ಕೊಂಡ್ರ, ನಾಳೆ ಯಾರು ಕೆಲಸ ಕೊಡ್ತಾರ?"

ಅವರು ಲೋಟ ಕೆಳಗಿಟ್ಟರು. "ನಮ್ಮ ವಾರ್ಡಿನ್ಯಾಗ ತಪ್ಪು ಔಷಧ ಕೊಟ್ಟೆ ಅಂತ ತಿಳೀತಂದ್ರ, ಮೊದಲ ಹೇಳತೀವಿ. ಅಳೂದು ಆಮ್ಯಾಲ. ಪೇಶಂಟ್ ಉಳಿಯೂದು ಹೇಳಿದ್ರನ. ನಿನ್ನ ಪೇಶಂಟ್ ಸತ್ತು ನೂರು ವರ್ಷದ ಮ್ಯಾಲಾಗೇತಿ, ಖರೆ. ಆದ್ರ ಡಿಗ್ಗರ್ ಹಾಯ್ದ ಮ್ಯಾಲ ಆ ಆಂಟಿಗೆ ಏನಂತ ಹೇಳ್ತಿ?"

ಒಳಗೆ ಹೋಗಿ ಗೆರೆ ಅಳಿಸದ ಹಳೆಯ ಚಿತ್ರ ತೆರೆದೆ. ಗೆರೆಗಳ ನಡುವೆ ಒಂದು ಕಡೆ ಎರಡು ಸಾಲು ಉಳಿದವಕ್ಕಿಂತ ಕಪ್ಪಾಗಿದ್ದವು. ಕಂದಕವೂ ಇರಬಹುದು, ನನ್ನ ಭಯವೂ ಇರಬಹುದು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಐದೂವರೆಗೆ ಪುರಾತತ್ತ್ವಜ್ಞೆಗೆ ಫೋನು ಮಾಡಿದೆ.

"ಏನು, ಸೇಫ್ಟಿ ಪಿನ್ನಾ?" ಎಂದಳು.

"ಹೌದು. ಮೂಡಲ ಪಟ್ಟಿಯ ವರದಿಯನ್ನ ನಂಬಬೇಡ. ನಾನು ವಾಪಸ್ ತಗೊಳ್ತಿದ್ದೀನಿ."

ಅವಳೆಂದಳು, "ಇವತ್ತು ಹೇಳಿದ್ದು ಒಳ್ಳೇದಾಯ್ತು. ಮಂಗಳವಾರ ಹೇಳಿದ್ದರೆ ನಿನ್ನ ಮುಖ ನೋಡ್ತಿರಲಿಲ್ಲ. ನಾಳೆ ಏಳೂವರೆಗೆ ಹೊಲಕ್ಕೆ ಬಾ. ಈ ಸಲ ಅಡ್ಡಡ್ಡ ನಡಿ."

ಅಷ್ಟು ಕೇಳಿದ ಮೇಲೆ ಅತ್ತುಬಿಟ್ಟೆ. ಯಜಮಾನರು ಹೇಳಿದ ಕ್ರಮದಲ್ಲೇ.

ಶುಕ್ರವಾರ ಹೊಲಕ್ಕೆ ಹೋಗಿ ನೋಡಿದರೆ, ಮೂಡಲ ಪಟ್ಟಿಯ ಬೆಟ್ಟದ ಕಡೆಯ ಅಂಚಿನಲ್ಲಿ ಹಳದಿ ಡಿಗ್ಗರ್ ನಿಂತಿದೆ. ಸೋಮವಾರದ ಕೆಲಸಕ್ಕೆಂದು ಹಿಂದಿನ ಸಂಜೆಯೇ ತಂದು ನಿಲ್ಲಿಸಿದ್ದರು. ಒಂದು ಪಿನ್ನಿಗೆ ಇಷ್ಟು ಗೋಳಾಡುವವಳ ಎದುರು ಒಂದು ಗುಡ್ಡ ಉಕ್ಕು. ಅದು ಅಲ್ಲಿರುವವರೆಗೆ ಸುತ್ತಲಿನ ಮೂವತ್ತು ಮೀಟರಿನಲ್ಲಿ ನನ್ನ ಉಪಕರಣ ಕುರುಡು.

ಮ್ಯಾನೇಜರ್ ಬಂದ. ಅವನಿಗೂ ಎಲ್ಲ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಅವನ ಮುಖ ಕೆಂಪಾಯಿತು.

"ಮೂರು ವಾರಕ್ಕೆ ಹಣ್ಣು ಕೀಳ್ತೀವಿ. ಲಾರಿ ನನ್ನ ತಲೆ ಮೇಲೆ ಹೋಗುತ್ತಾ?"

"ಸೋಮವಾರ ಸಂಜೆವರೆಗೆ ಕೊಡಿ" ಎಂದಳು ಪುರಾತತ್ತ್ವಜ್ಞೆ. "ಗೊತ್ತಿದ್ದೂ ಗೋರಿ ಮೇಲೆ ಅಗೆದರೆ ನಿಮ್ಮ ದಾರಿ ಮೂರು ವಾರ ಅಲ್ಲ, ಮೂರು ವರ್ಷ ನಿಲ್ಲುತ್ತೆ."

ಅವನು ಹುಲ್ಲನ್ನು ಬೂಟಿನಿಂದ ಒದ್ದು, ಸರಿ ಎಂದ. ಡಿಗ್ಗರ್ ಸರಿಸೋಣವೆಂದರೆ ಡ್ರೈವರ್ ಗೆಳೆಯರ ಜೊತೆ ಸಮುದ್ರಕ್ಕೆ ಮೀನು ಹಿಡಿಯಲು ಹೋಗಿದ್ದ, ಭಾನುವಾರ ಬರುತ್ತಾನೆ. ಕೀಲಿ ಅವನ ಜೇಬಿನಲ್ಲಿ. ದೋಣಿಗೆ ಫೋನು ಸಿಗುವುದಿಲ್ಲ. ಇದಕ್ಕೆ ಏನನ್ನುತ್ತೀರಿ. ನಗಬೇಕೋ ಅಳಬೇಕೋ ತಿಳಿಯದೆ ಹಗ್ಗ ಹಾಸಲು ಕೂತೆ. ಡಿಗ್ಗರಿನಿಂದ ದೂರದ ಅರ್ಧ ಹೊಲ ಈಗ ನಡೆಯುವುದು, ಉಳಿದದ್ದು ಅವನು ಬಂದ ಮೇಲೆ ಎಂದು ತೀರ್ಮಾನವಾಯಿತು.

ಈ ಸಲ ಸಹೋದ್ಯೋಗಿ ಕೇಳಲಿಲ್ಲ, ಉಪಕರಣ ಹಿಡಿದು ನಿಂತುಕೊಂಡ. ನಾನು ತೋಳೆರಡೂ ಅಗಲಿಸಿ ಅವನೆದುರು ಗಿರ್ರನೆ ತಿರುಗಿದೆ. ಇನ್ನೊಂದು ಸಲ ಎಂದ, ಇನ್ನೊಂದು ಸಲ ತಿರುಗಿದೆ. ಕೊರಳು ಬೋಳು. ತಾಳಿಯನ್ನೂ ಆ ದಿನ ಮನೆಯ ದೇವರ ಮುಂದೆ ಇಟ್ಟು ಬಂದಿದ್ದೆ. ಅಗತ್ಯವಿರಲಿಲ್ಲ, ಆದರೆ ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು.

ಹತ್ತು ಗಂಟೆಗೆ ಆಂಟಿ ಬಂದರು. ಪುರಾತತ್ತ್ವಜ್ಞೆ ಫೋನಿನಲ್ಲಿ ವಿಷಯ ತಿಳಿಸಿದ್ದಳು, ಆದರೂ ನಾನೇ ಹೇಳಬೇಕಿತ್ತು. ಅವರ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹಬ್ಬ, ಸೀರೆ, ಪಿನ್ನು, ನನ್ನ ಜಂಬ ಎಲ್ಲ. ಅವರು ತಮ್ಮ ಸ್ವೆಟರಿನ ಅಂಚು ಮಗುಚಿ ತೋರಿಸಿದರು. ಒಳಗೆ ಎರಡು ಪಿನ್ನು.

"ಇದಕ್ಕೆ ನನಗೆ ಬೇಜಾರಿಲ್ಲ" ಎಂದರು. "ನೆನಪು ಜಾಗ ತಪ್ಪುತ್ತೆ ಅಂದೆಯಲ್ಲ, ಅದಕ್ಕೆ ಬೇಜಾರಾಗಿತ್ತು. ನಮ್ಮ ಹತ್ತಿರ ನೆಲ ಉಳಿಯಲಿಲ್ಲ, ಕಾಗದ ಇರಲಿಲ್ಲ. ಉಳಿದದ್ದು ನೆನಪೊಂದೇ."

"ತಪ್ಪಾಯಿತು ಆಂಟಿ."

"ಗೊತ್ತಾಯಿತಲ್ಲ. ಹೋಗು, ನಡಿ. ನಾನು ಇಲ್ಲೇ ಕೂತಿರುತ್ತೇನೆ."

"ಇನ್ನೂ ಸ್ವಲ್ಪ ದೂರ ಕೂತುಕೊಳ್ಳಬೇಕು. ಪಿನ್ನಿದೆಯಲ್ಲ" ಎಂದೆ. ಅವರು ನಕ್ಕರು, ನಾನೂ ನಕ್ಕೆ. ಕುರ್ಚಿಯನ್ನು ಬೇಲಿಯಾಚೆ ಇಟ್ಟೆವು.

ಶುಕ್ರವಾರ ಪೂರ್ತಿ, ಶನಿವಾರ ಮಧ್ಯಾಹ್ನದವರೆಗೆ ಅಡ್ಡಡ್ಡ ನಡೆದೆ. ಬಿಸಿಲಿಗೆ ಕಣ್ಣು ಉರಿಯಿತು, ಹಿಮ್ಮಡಿ ಬೊಬ್ಬೆಯಾಯಿತು. ಶನಿವಾರ ಗಾಡಿಯೊಳಗೇ ಲ್ಯಾಪ್‌ಟಾಪ್ ತೆರೆದೆವು. ಯಾವ ಗುಂಡಿಯನ್ನೂ ಒತ್ತಲಿಲ್ಲ. ಪರದೆಯ ಮೇಲೆ ಅಗಲವಾದ ಒಂದು ಕಪ್ಪು ಪಟ್ಟಿ ನೆಟ್ಟಗೆ ಬಂದು, ಲಂಬವಾಗಿ ತಿರುಗಿ, ಡಿಗ್ಗರ್ ನಿಂತ ಕಡೆ ಹೋಗಿತ್ತು. ಶಿಬಿರದ ಒಂದು ಮೂಲೆ. ಒಳಬದಿಯಲ್ಲಿ ಒಲೆ ಉರಿದ ಗಟ್ಟಿ ಕಪ್ಪು ಚುಕ್ಕೆ. ಪುರಾತತ್ತ್ವಜ್ಞೆ ಪರದೆಯ ಮೇಲೆ ಬೆರಳಿಟ್ಟು, "ಒಂದೇ ಚಳಿಗಾಲ ಇದ್ದವರು ಎಷ್ಟು ಆಳ ತೋಡಿದ್ದಾರೆ ನೋಡು, ಎಷ್ಟು ಹೆದರಿದ್ದಿರಬೇಕು" ಎಂದಳು. ಅದು ನನಗೆ ಹೊಳೆದಿರಲಿಲ್ಲ. ಅಲ್ಲಿಯವರೆಗೆ ನನ್ನ ಕಣ್ಣಿಗೆ ಅವರು ಬರೀ ಕಬಳಿಸಲು ಬಂದವರಾಗಿದ್ದರು. ಕಬಳಿಸಲು ಬಂದವರಿಗೂ ರಾತ್ರಿ ನಿದ್ದೆ ಬಂದಿರಲಾರದು. ಹಾಗೆಂದು ಅವರ ಬಗ್ಗೆ ಮರುಕವೇನೂ ಹುಟ್ಟಲಿಲ್ಲ.

ಭಾನುವಾರ ಮಧ್ಯಾಹ್ನ ಡ್ರೈವರ್ ಬಂದ, ಮೂಗು ಸುಟ್ಟುಕೊಂಡು, ಮೈಯೆಲ್ಲ ಮೀನಿನ ವಾಸನೆ. ನಮ್ಮೆಲ್ಲರ ಮುಖ ನೋಡಿ, "ನಾನೇನು ಮಾಡಿದೆ?" ಎಂದು ಕೇಳಿದ. ಡಿಗ್ಗರ್ ಹೋದ ಮೇಲೆ ಉಳಿದ ಹೊಲ ನಡೆದೆ. ಕಂದಕದ ಪಟ್ಟಿ ಬೆಟ್ಟದ ಕಡೆ ಒಂದು ಜಾಗದಲ್ಲಿ ಕಡಿದುಹೋಗಿ, ನಾಲ್ಕು ಹೆಜ್ಜೆಯಷ್ಟು ಬಿಟ್ಟು, ಮತ್ತೆ ಶುರುವಾಗುತ್ತಿತ್ತು. ಆ ನಾಲ್ಕು ಹೆಜ್ಜೆಯೇ ಗೇಟು.

ಗೋರಿಯನ್ನು ಈ ಉಪಕರಣ ಅಷ್ಟು ಖಚಿತವಾಗಿ ಹೇಳುವುದಿಲ್ಲ. ಅದಕ್ಕೆ ರಾಡಾರ್ ಬೇಕು. ಹುಲ್ಲು ಕತ್ತರಿಸುವ ಯಂತ್ರದಂಥ ಗಾಡಿ, ತಳ್ಳಿಕೊಂಡು ಹೋದರೆ ನೆಲದೊಳಕ್ಕೆ ಅಲೆ ಕಳಿಸಿ ಮಣ್ಣು ಎಲ್ಲಿ ಕದಡಿದೆ ಎಂದು ಹೇಳುತ್ತದೆ. ಗೇಟಿನ ಹೊರಗಿನ ಜಾಗವನ್ನು ಒಂದೊಂದು ಮೊಳದ ಅಂತರದಲ್ಲಿ ತಳ್ಳಿದೆವು. ಗೇಟಿನಿಂದ ಎಂಟು ಹೆಜ್ಜೆ ಆಚೆ ಒಂದು ಕಡೆ ಮಾತ್ರ ಕದಡಿತ್ತು. ಆಳು ಮಲಗುವಷ್ಟು ಉದ್ದ, ಕಿರಿದು. ಬೆಟ್ಟಕ್ಕೆ ನೇರ.

ಸೋಮವಾರ ಡಿಗ್ಗರ್ ಹಾಯಬೇಕಿದ್ದ ಹೊತ್ತಿಗೆ ಅಲ್ಲಿ ಪುರಾತತ್ತ್ವಜ್ಞೆ ಮಂಡಿಯೂರಿ ಕೂತು ಕರಣೆಯಿಂದ ಹುಲ್ಲಿನ ಬುಡ ಕೆರೆಯುತ್ತಿದ್ದಳು. ಮೊದಲು ಆಂಟಿಯ ಮನೆತನದವರು ಬಂದು ತಮ್ಮ ಪ್ರಾರ್ಥನೆ ಹೇಳಿದ್ದರು. ಮೇಲಿನ ಕಪ್ಪು ಮಣ್ಣು ಹೋದ ಮೇಲೆ ಕೆಳಗೆ ಹಳದಿ ಬೂದಿ ಮಣ್ಣು, ಅದರ ನಡುವೆ ಕಪ್ಪು ಹಳದಿ ಬೆರೆತ ಒಂದು ಆಯತ. ಅಂಚು ಸೀಸದ ಕಡ್ಡಿಯಿಂದ ಎಳೆದಷ್ಟು ಸ್ಪಷ್ಟ. ಅವಳು ಕರಣೆ ಕೆಳಗಿಟ್ಟಳು.

"ಇಷ್ಟು ಸಾಕು. ಇದು ಗೋರಿ. ಯಾರದು ಅಂತ ನನ್ನ ವಿದ್ಯೆ ಹೇಳಲ್ಲ. ಅದಕ್ಕೆ ತೆಗೆದು ನೋಡಬೇಕು, ನಾನು ತೆಗೆಯಲ್ಲ."

"ತೆಗೆಯುವುದು ಬೇಡ" ಎಂದರು ಆಂಟಿ. "ಗೇಟಿನ ಹೊರಗೆ, ಬೆಟ್ಟದ ಕಡೆ ತಲೆ. ಇನ್ಯಾರು ಇರುತ್ತಾರೆ?"

ನಾಲ್ಕು ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಆ ಮಧ್ಯಾಹ್ನ ಡಬ್ಬಿ ಬರಿದು ಮಾಡಿದೆ. ಪಡುವಲ ಪಟ್ಟಿಯಲ್ಲಿ ನಾನು ಕಂದಕವೆಂದುಕೊಂಡ ಗೆರೆಯನ್ನೂ ಅದೇ ದಿನ ಸಣ್ಣದಾಗಿ ಅಗೆದು ನೋಡಿದರು. ಯಾರೋ ರೈತ ಹಾಕಿಸಿದ ಹಳೆಯ ಬಸಿಗಾಲುವೆ, ತಳದಲ್ಲಿ ಮಣ್ಣಿನ ಕೊಳವೆ. ಅದೂ ನನ್ನ ತಪ್ಪಿನ ಲೆಕ್ಕಕ್ಕೇ. ಮ್ಯಾನೇಜರ್ ಅದನ್ನು ಕಂಡು ಜೋರಾಗಿ ನಕ್ಕು, ಹಾಗಾದರೆ ಲಾರಿ ಈ ಕಡೆಯೇ ಬರಲಿ ಎಂದ. ದಾರಿ ಪಡುವಲಕ್ಕೆ ತಿರುಗಿತು. ಹೊಸ ವರದಿಯಲ್ಲಿ ಹಳೆಯ ವರದಿ ಯಾಕೆ ತಪ್ಪಾಯಿತೆಂದು ಒಂದು ಪುಟ ನಾನೇ ಬರೆದೆ. ಕೆಲಸ ಹೋಗಲಿಲ್ಲ. ಪುರಾತತ್ತ್ವಜ್ಞೆ ಮುಂದಿನ ತಿಂಗಳ ಕೆಲಸಕ್ಕೂ ನನ್ನನ್ನೇ ಕೇಳಿದಳು.

ಸೋಮವಾರ ಹೊರಡುವ ಮೊದಲು ಎಲ್ಲರೂ ಹೊಲದ ಬೇಲಿ ಗೇಟಿನ ಬಳಿ ಇಟ್ಟಿದ್ದ ನೀರಿನಲ್ಲಿ ಕೈ ತೊಳೆದರು. ಸತ್ತವರ ಜಾಗದಿಂದ ಬರುವಾಗ ಅವರ ಪದ್ಧತಿ ಅದು. ನಮ್ಮದೂ ಅದೇ, ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಆಂಟಿ ಮಾತ್ರ ಬರಲಿಲ್ಲ. ಕುರ್ಚಿಯನ್ನು ಆ ಆಯತದ ಪಕ್ಕ ಹಾಕಿಸಿಕೊಂಡು, ಕೆಳಗೆ ನೋಡುತ್ತ, ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ಮಂತ್ರದ ಹಾಗಿರಲಿಲ್ಲ. ನಡುವೆ ನಗುತ್ತಿದ್ದರು, ಒಂದೊಂದು ಸಲ ಗದರಿಸಿದ ಹಾಗೆ ಕೇಳುತ್ತಿತ್ತು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಬಿಸಿಲು ಜಾಸ್ತಿಯಾಗಿತ್ತು. ನಾನು ಹತ್ತಿರ ಹೋಗಿ, "ಮನೆಗೆ ಬಿಡಲಾ ಆಂಟಿ?" ಎಂದು ಕೇಳಿದೆ.

"ನೀನು ಹೋಗು ಮಗಳೇ" ಎಂದರು. "ಅವಳು ಹೋದ ಮೇಲೆ ಮನೆಯಲ್ಲಿ ಯಾರು ಯಾರು ಹುಟ್ಟಿದರು ಅಂತ ಹೇಳುತ್ತಿದ್ದೀನಿ. ಇನ್ನೂ ನಮ್ಮಜ್ಜಿಯ ಮದುವೆಯವರೆಗೆ ಬಂದಿದ್ದೀನಿ, ಅಷ್ಟೆ."